ನಂಬಿಕೆ ಬೇರೆ, ಕಾಯಿಲೆ ಬೇರೆ

ನಮ್ಮ ಕಲಿಕಾ ಕೇಂದ್ರಕ್ಕೆ ಒಬ್ಬ ಅಕ್ಕ ಬರುತ್ತಾರೆ. ಲೈಂಗಿಕ ವೃತ್ತಿಯಿಂದ ಇಬ್ಬರು ಮಕ್ಕಳನ್ನು ಸಾಕುತ್ತಾರೆ. ಅವರನ್ನು ಹಳಿಯುವ ಮಾತು ನಮ್ಮಲ್ಲಿ ಇಲ್ಲ. ಸ್ಲೇಟು ಹಿಡಿದ ಮೇಲೆ ನಾವೆಲ್ಲ ಒಂದೇ.

ಒಂದು ಸಂಜೆ ಏಡ್ಸ್ ಮಾತು ಬಂತು. ಅಕ್ಕನಿಗೆ ನಮಗಿಂತ ಹೆಚ್ಚು ಗೊತ್ತು.

"ಗಿರಾಕಿ ಯಾರೇ ಬರ್ಲಿ, ನಿರೋಧ್ ಇಲ್ದ ಆಗಂಗಿಲ್ಲ ಅಂತೀನ್ರಿ" ಅಂದರು.

"ಮನೆಗೆ ಬರ್ತಾರಲ್ಲ, ಅವರಿಗೆ?" ಎಂದು ಕೇಳಿದೆವು.

ಅಕ್ಕ ತಲೆ ತಗ್ಗಿಸಿದರು. "ಅವ್ರು ಗಿರಾಕಿ ಅಲ್ರೀ ಟೀಚರ್. ಆರು ವರ್ಷ ಆತು, ಗಂಡ ಇದ್ದಂಗ ಅದಾರ. ಹುಡುಗರ ಸಾಲಿ ಫೀ ಕಟ್ತಾರ. ಅವ್ರ ಮುಂದ ನಿರೋಧ್ ತಗದ್ರ, 'ನಾನೂ ನಿನಗ ಗಿರಾಕೀನ ಏನು?' ಅಂತಾರ."

ನೋಡಿದಿರಾ? ಅಕ್ಕನಿಗೆ ತಿಳಿವಳಿಕೆ ಇದೆ. ನಿರೋಧ್ ಕೂಡ ಇದೆ. ಆದರೂ ಮನಸ್ಸು ಅಡ್ಡ ಬರುತ್ತದೆ. ಏಕೆ? ನಾವು ಕೂತು ಮಾತಾಡಿದೆವು.

1. ಪ್ರೀತಿ. ನಿರೋಧ್ ಕೇಳಿದರೆ ನಂಬಿಕೆ ಇಲ್ಲ ಅಂದುಕೊಳ್ಳುತ್ತಾರೆ.
2. ಭಯ. ಬಿಟ್ಟು ಹೋದರೆ? ಕುಡಿದು ಹೊಡೆದರೆ?
3. ಆಸರೆ. ಬಾಡಿಗೆ, ಫೀಸು ಅವರೇ ಕೊಡುತ್ತಾರೆ.
4. ಆಸೆ. ಅವರಿಂದ ಒಂದು ಮಗು ಬೇಕು.

ಇದು ಅಕ್ಕನ ಮಾತು ಮಾತ್ರವೇ? ಮದುವೆಯಾದ ನಾವು ಗಂಡನಿಗೆ ನಿರೋಧ್ ಹಾಕಿಕೋ ಅಂತ ಹೇಳಬಲ್ಲೆವೇ? ಆವತ್ತು ಯಾರೂ ಉತ್ತರ ಕೊಡಲಿಲ್ಲ.

ಕೋಲ್ಕತ್ತದಲ್ಲಿ ಸೋನಾಗಾಚಿ ಎಂಬ ಜಾಗ ಇದೆ. ಅಲ್ಲಿ 1992ರಿಂದ ಈ ವೃತ್ತಿಯ ಹೆಂಗಸರೇ ಮನೆ ಮನೆಗೆ ಹೋಗಿ ತಮ್ಮವರಿಗೆ ತಿಳಿಹೇಳಿದರು. 1995ರಲ್ಲಿ ಸ್ವಂತ ಸಂಘ ಕಟ್ಟಿದರು. ನಮ್ಮ ಮೈಸೂರಿನಲ್ಲೂ ಆಶೋದಯ ಸಮಿತಿ ಎಂಬ ಸಂಘ ಇದೆ. ಎಲ್ಲರೂ ಒಂದಾಗಿ 'ನಿರೋಧ್ ಇಲ್ಲದೆ ಬೇಡ' ಅಂದರೆ ಗಿರಾಕಿ ಒಪ್ಪಲೇಬೇಕು. ಆದರೆ ಮನೆಯ ಬಾಗಿಲು ಹಾಕಿದ ಮೇಲೆ ಹೆಣ್ಣು ಒಬ್ಬಳೇ. ಅಲ್ಲೇ ಮಾತು ಕಷ್ಟ.

ಎಚ್.ಐ.ವಿ. ಎಂಬ ವೈರಸ್ಸು ಮುಖ ನೋಡಿದರೆ ಕಾಣುವುದಿಲ್ಲ. ಒಳ್ಳೆಯವರು, ಕೆಟ್ಟವರು ಅಂತ ನೋಡುವುದಿಲ್ಲ. ತನಗೆ ಇದೆ ಎಂದು ಅವರಿಗೇ ಗೊತ್ತಿರಲಿಕ್ಕಿಲ್ಲ. ನಮಗೂ ಗೊತ್ತಿರಲಿಕ್ಕಿಲ್ಲ. ಆದ್ದರಿಂದ ನಿರೋಧ್ ಅಂದರೆ ಅನುಮಾನ ಅಲ್ಲ. ಇಬ್ಬರ ಕಾಳಜಿ.

ನಾವು ಏನು ಮಾಡಬಹುದು?

ಕುಡಿದಾಗ, ಸಿಟ್ಟಿನಲ್ಲಿದ್ದಾಗ ಈ ಮಾತು ಬೇಡ. ಸಮಾಧಾನದ ಹೊತ್ತು ನೋಡಿ ಹೇಳೋಣ. "ನಿಮಗೂ ಏನೂ ಆಗಬಾರದು, ನನಗೂ ಆಗಬಾರದು, ಮಕ್ಕಳಿಗೆ ನಾವಿಬ್ಬರೂ ಬೇಕು" ಎನ್ನೋಣ.

ಇಬ್ಬರೂ ಸರಕಾರಿ ಆಸ್ಪತ್ರೆಗೆ ಹೋಗಿ ರಕ್ತ ಪರೀಕ್ಷೆ ಮಾಡಿಸೋಣ. ದುಡ್ಡು ಇಲ್ಲ. ಗುಟ್ಟು ಕಾಪಾಡುತ್ತಾರೆ. ಹೊಸದಾಗಿ ಸೇರಿದ ವೈರಸ್ಸು ಕೂಡಲೇ ಪರೀಕ್ಷೆಯಲ್ಲಿ ಕಾಣದೆ ಇರಬಹುದು. ಅದಕ್ಕೇ 3 ತಿಂಗಳ ಮೇಲೆ ಇನ್ನೊಮ್ಮೆ ಮಾಡಿಸಬೇಕು. ಅಲ್ಲಿಯವರೆಗೂ ನಿರೋಧ್ ಬೇಕು. ಮಗು ಬೇಕಾದರೆ ಮೊದಲು ಡಾಕ್ಟರ ಹತ್ತಿರ ಕೇಳಬೇಕು.

ಕಾಯಿಲೆ ಇದೆ ಎಂದು ತಿಳಿದರೆ ಬಾಳು ಮುಗಿಯಿತು ಅಂತಲ್ಲ. ಎ.ಆರ್.ಟಿ. ಮಾತ್ರೆ ಉಚಿತ. ದಿನವೂ ತಪ್ಪದೆ ನುಂಗಿದರೆ ಬಹುಕಾಲ ಬದುಕಬಹುದು.

ಹೊಡೆತದ ಭಯ ಇದ್ದರೆ ಒಬ್ಬರೇ ಹೋರಾಡುವುದು ಬೇಡ. ಗೆಳತಿಗೆ, ಸಂಘಕ್ಕೆ ಹೇಳೋಣ. ಮಹಿಳಾ ಸಹಾಯವಾಣಿ 181. ಏಡ್ಸ್ ಸಹಾಯವಾಣಿ 1097.

ಅಕ್ಕನ ಮನೆಯವರು ಒಂದೇ ದಿನಕ್ಕೆ ಒಪ್ಪಲಿಲ್ಲ. ಎಂಟು ದಿನ ಮಾತು ಬಿಟ್ಟರು. ಆಮೇಲೆ ಇಬ್ಬರೂ ಆಸ್ಪತ್ರೆಗೆ ಹೋಗಿ ಬಂದರು. ನಿರೋಧ್ ಮಾತು ಮನೆಯಲ್ಲಿ ಇನ್ನೂ ನಡೆದಿದೆ. "ಬಿಡಂಗಿಲ್ರೀ ನಾನು" ಅನ್ನುತ್ತಾರೆ ಅಕ್ಕ.

ಮಾತಾಡೋಣ
1. ಅಕ್ಕ ಗಿರಾಕಿಗೆ ಹೇಳುವ ಮಾತನ್ನು ಮನೆಯಲ್ಲಿ ಏಕೆ ಹೇಳಲಿಲ್ಲ?
2. ಈ ಮಾತು ಹೇಳಲು ನಿಮಗೆ ಯಾವ ಅಡ್ಡಿ ಇದೆ?

ಓದಿ, ಬರೆಯಿರಿ
ನಂಬಿಕೆ. ಕಾಳಜಿ. ಪರೀಕ್ಷೆ. 181. 1097.