ಒಂದು ಅಗುಳಿನ ಸಾಕ್ಷ್ಯ

ಅನ್ನ ಬೆಂದಿದೆಯೇ ಎಂದು ತಿಳಿಯಲು ಪಾತ್ರೆಯಲ್ಲಿರುವ ಅಗುಳುಗಳನ್ನೆಲ್ಲ ಯಾರೂ ಹಿಸುಕಿ ನೋಡುವುದಿಲ್ಲ. ಒಂದೆರಡನ್ನು ನೋಡಿ ಉಳಿದವುಗಳ ಸ್ಥಿತಿಯನ್ನು ಅರಿಯುತ್ತಾರೆ. ಮಾದರಿ ಸಮೀಕ್ಷೆಯೆಂಬ ಶಾಸ್ತ್ರದ ಬೀಜವು ಈ ಅನುಭವದಲ್ಲಿಯೇ ಅಡಗಿದೆ. ಆದರೆ ಒಂದೇ ನೀರಿನಲ್ಲಿ, ಒಂದೇ ಉರಿಯಲ್ಲಿ ಬೆಂದ ಅಕ್ಕಿಗೂ ನೂರು ಬಗೆಯ ದುಡಿಮೆಯಲ್ಲಿ ತೊಡಗಿರುವ ಮನುಷ್ಯರಿಗೂ ಅಂತರವುಂಟು.

ಕಲ್ಲು ಒಡೆಯುವಲ್ಲಿ ಏಳುವ ಸಿಲಿಕಾ ಧೂಳು ಉಸಿರಿನೊಡನೆ ಶ್ವಾಸಕೋಶವನ್ನು ಸೇರಿ ಸಿಲಿಕೋಸಿಸ್ ರೋಗವನ್ನು ತರುತ್ತದೆ. ಅದನ್ನು ಗುಣಪಡಿಸಬಲ್ಲ ಔಷಧವಿಲ್ಲ. ಧೂಳನ್ನು ಹುಟ್ಟಿದೆಡೆಯಲ್ಲಿಯೇ ಅಡಗಿಸುವುದು ಮೊದಲ ಉಪಾಯ. ಅದು ಸಾಲದೆಡೆ ಉಸಿರನ್ನು ಶೋಧಿಸುವ ರೆಸ್ಪಿರೇಟರ್ ಎಂಬ ಸಾಧನವನ್ನು ಧರಿಸಬೇಕು. ಇದನ್ನು ಎಷ್ಟು ಮಂದಿ ಧರಿಸುತ್ತಾರೆ? ಎಲ್ಲ ಕಾರ್ಖಾನೆಗಳಿಗೂ ಹೋಗಿ ಎಣಿಸುವುದು ಅಸಾಧ್ಯ. ಕೆಲವನ್ನು ಮಾತ್ರ ಆರಿಸಿಕೊಳ್ಳಬೇಕು.

ಹತ್ತಿರವಿರುವ, ಸಂತೋಷದಿಂದ ಬಾಗಿಲು ತೆರೆಯುವ ಕಾರ್ಖಾನೆಗಳನ್ನೇ ನೋಡಿದರೆ ಸುವ್ಯವಸ್ಥಿತವಾದವುಗಳಷ್ಟೇ ಕಣ್ಣಿಗೆ ಬೀಳಬಹುದು. ಆದುದರಿಂದ ಎಲ್ಲವುಗಳ ಪಟ್ಟಿಮಾಡಿ, ಚೀಟಿ ಎತ್ತಿದಂತೆ ಆರಿಸುವುದು ನ್ಯಾಯವಾದ ಕ್ರಮ. ಇಲ್ಲಿಯೂ ಒಂದು ತೊಡಕುಂಟು. ಧೂಳಿನ ಉದ್ಯಮಗಳು ಸಂಖ್ಯೆಯಲ್ಲಿ ಕಡಿಮೆ. ಬರಿಯ ಚೀಟಿಯಲ್ಲಿ ಅಂಗಡಿ, ಕಚೇರಿಗಳೇ ತುಂಬಿಬಿಡುತ್ತವೆ. ಅದಕ್ಕಾಗಿ ಪಟ್ಟಿಯನ್ನು ಉದ್ಯಮದ ಬಗೆ ಮತ್ತು ಗಾತ್ರಗಳಿಗೆ ಅನುಸಾರವಾಗಿ ಸ್ತರಗಳನ್ನಾಗಿ ವಿಂಗಡಿಸಿ, ಅಪಾಯವಿರುವ ಸ್ತರಗಳಿಂದ ಹೆಚ್ಚು ಘಟಕಗಳನ್ನು ಆರಿಸುತ್ತಾರೆ. ಲೆಕ್ಕ ಕೂಡಿಸುವಾಗ ಅವುಗಳ ಒಂದೊಂದು ಉತ್ತರಕ್ಕೂ ಕಡಿಮೆ ತೂಕವನ್ನು ಕೊಟ್ಟು ಸಮತೋಲ ಕಾಯುತ್ತಾರೆ.

ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ 2001ರಲ್ಲಿ ಆರಂಭವಾದ ಸಮೀಕ್ಷೆಯೊಂದು ಹೀಗೆ ಸ್ತರಗಳಿಂದ ಆರಿಸಿದ 40,002 ಖಾಸಗಿ ಉದ್ಯಮಘಟಕಗಳಿಗೆ ಪ್ರಶ್ನಾವಳಿಯನ್ನು ಕಳುಹಿಸಿತು. ದೇಶದ ಖಾಸಗಿ ಘಟಕಗಳಲ್ಲಿ ಶೇಕಡ 4.5ರಷ್ಟರಲ್ಲಿ ರೆಸ್ಪಿರೇಟರಿನ ಬಳಕೆ ಅಗತ್ಯವಾಗಿತ್ತೆಂದೂ ಸುಮಾರು 33 ಲಕ್ಷ ಕಾರ್ಮಿಕರು ಅದನ್ನು ಧರಿಸುತ್ತಿದ್ದರೆಂದೂ ಅದರಿಂದ ಅಂದಾಜಾಯಿತು. ಆರಿಸಿದ ಘಟಕಗಳ ಉತ್ತರಗಳಿಂದಲೇ ಇಡೀ ದೇಶದ ಚಿತ್ರ ಮೂಡಿದುದು ಈ ಶಾಸ್ತ್ರದ ಹಿರಿಮೆ.

ಆದರೆ ಪ್ರಶ್ನಾವಳಿ ಹೋದದ್ದು ಘಟಕಕ್ಕೆ, ಕಾರ್ಮಿಕನ ಕೈಗಲ್ಲ. ಸುಮಾರು ಕಾಲುಭಾಗದಷ್ಟು ಘಟಕಗಳು ಉತ್ತರಿಸಲೂ ಇಲ್ಲ. ಸಾಧನವನ್ನು ಕೊಂಡುದು ಆಡಳಿತದ ಲೆಕ್ಕದಲ್ಲಿರುತ್ತದೆ. ಅದು ಮುಖದ ಮೇಲಿದೆಯೋ ಗೋಡೆಯ ಮೊಳೆಯ ಮೇಲಿದೆಯೋ ಎಂಬುದು ದುಡಿಯುವವನಿಗೆ ಗೊತ್ತು. ಸೆಖೆಯಲ್ಲಿ ಅದನ್ನು ಕಳಚಿಡುವವನೂ ರಾತ್ರಿಪಾಳಿಯವನೂ ಗುತ್ತಿಗೆಯ ಕೂಲಿಯೂ ಮಾದರಿಯೊಳಗೆ ಬರಬೇಕು. ಕೆಮ್ಮು ಮಿತಿಮೀರಿ ಕೆಲಸ ಬಿಟ್ಟವನಂತೂ ಯಾವ ಪಟ್ಟಿಯಲ್ಲಿಯೂ ಇರುವುದಿಲ್ಲ.

ಅಗುಳಿನ ಸಾಕ್ಷ್ಯ ದೊಡ್ಡದು, ನಿಜ. ಆದರೆ ತಳದಲ್ಲಿ ಸೀದುಹೋದ ಅನ್ನದ ಸುದ್ದಿಯನ್ನು ಮೇಲಿನ ಅಗುಳು ಹೇಳಲಾರದು. ಸೌಟು ಅಲ್ಲಿಯವರೆಗೂ ಇಳಿಯಬೇಕು.