ಆನೆಕಾಲಿಗೆ ಬೆಳಕಿನ ಚಿಕಿತ್ಸೆ

ಆನೆಕಾಲು ರೋಗಕ್ಕೆ ಜನರು ಇಟ್ಟ ಹೆಸರು ಕಾಲಿನ ಗಾತ್ರವನ್ನಷ್ಟೇ ಸೂಚಿಸುವುದಿಲ್ಲ. ಆನೆಯ ಚರ್ಮ ದಪ್ಪ, ಒರಟು, ಮಡಿಕೆಮಡಿಕೆಯಾದುದು. ರೋಗಿಯ ಚರ್ಮವೂ ಕಾಲಕ್ರಮದಲ್ಲಿ ಹಾಗೆಯೇ ಆಗುತ್ತದೆ. ಬಾವು ಹೊಸದಾಗಿದ್ದಾಗ ಹೆಬ್ಬೆರಳಿನಿಂದ ಒತ್ತಿದರೆ ಗುಳಿ ಬೀಳುತ್ತದೆ. ರಾತ್ರಿ ಮಲಗಿ ಎದ್ದರೆ ಊತ ಇಳಿದಿರುತ್ತದೆ. ವರ್ಷಗಳು ಕಳೆದಂತೆ ಒತ್ತಿದರೂ ಗುಳಿ ಬೀಳದು. ಚರ್ಮದ ಅಡಿಯ ಅಂಗಾಂಶ ನಾರುಗಟ್ಟಿ ಗಡುಸಾಗಿದೆ ಎಂಬುದಕ್ಕೆ ಅದೇ ಗುರುತು.

ರೋಗದ ಮೂಲ ನೂಲೆಳೆಯಂತಹ ಒಂದು ಜಂತು. ಇದರ ಮರಿಗಳು ಸೊಳ್ಳೆಯ ದೇಹದಲ್ಲಿ ಬೆಳೆಯುವುದನ್ನು 1877ರಲ್ಲಿ ಚೀನದ ಅಮೋಯ್ ಬಂದರಿನಲ್ಲಿದ್ದ ವೈದ್ಯ ಪ್ಯಾಟ್ರಿಕ್ ಮ್ಯಾನ್ಸನ್ ಕಂಡುಹಿಡಿದನು. ತನ್ನ ತೋಟಗಾರನ ರಕ್ತವನ್ನು ಹೀರಿದ ಸೊಳ್ಳೆಗಳನ್ನು ಸೀಳಿ, ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದುದರ ಫಲವಿದು. ಆದರೆ ಕಡಿತದಿಂದಲೇ ಜಂತು ಮನುಷ್ಯನನ್ನು ಸೇರುವುದೆಂದು ಅವನಿಗೆ ಹೊಳೆಯಲಿಲ್ಲ. ಸೊಳ್ಳೆ ಸತ್ತು ಬಿದ್ದ ನೀರನ್ನು ಕುಡಿದುದರಿಂದ ರೋಗ ಬರುವುದೆಂದು ಅವನು ಭಾವಿಸಿದ್ದನು!

ಬೆಳೆದ ಜಂತುಗಳು ದುಗ್ಧನಾಳಗಳಲ್ಲಿ 6ರಿಂದ 8 ವರ್ಷ ಬದುಕುತ್ತವೆ. ರಕ್ತನಾಳಗಳಿಂದ ಹೊರಕ್ಕೆ ಒಸರಿದ ದ್ರವವನ್ನು ಮರಳಿ ರಕ್ತಕ್ಕೆ ಸೇರಿಸುವುದು ಈ ನಾಳಗಳ ಕೆಲಸ. ಜಂತುಗಳಿಂದ ಅವು ಹಿಗ್ಗಿ ಕೆಟ್ಟರೆ ಪ್ರೋಟೀನ್ ತುಂಬಿದ ದ್ರವ ಕಾಲಿನಲ್ಲಿಯೇ ನಿಲ್ಲುತ್ತದೆ. ಬೆರಳುಗಳ ಸಂದಿನ ಬಿರುಕುಗಳಿಂದ ಬ್ಯಾಕ್ಟೀರಿಯಗಳು ಒಳಹೊಕ್ಕು ಚಳಿಜ್ವರ, ನೋವು, ಕೆಂಪು ಬಾವನ್ನು ಉಂಟುಮಾಡುತ್ತವೆ. ಇಂತಹ ಪ್ರತಿಯೊಂದು ಆಕ್ರಮಣವೂ ಉಳಿದ ನಾಳಗಳನ್ನು ಕೆಡಿಸಿ, ಕೊಲಾಜನ್ ಎಂಬ ನಾರಿನ ಪದರವನ್ನು ಹೆಚ್ಚಿಸುತ್ತದೆ. ಮಾತ್ರೆಗಳು ಜಂತುಗಳನ್ನು ಹತೋಟಿಗೆ ತಂದು ರೋಗ ಹರಡದಂತೆ ತಡೆಯಬಲ್ಲವು. ಆದರೆ ಕಲ್ಲಿನಂತಾದ ಚರ್ಮವನ್ನು ಅವು ಮೆದುವಾಗಿಸಲಾರವು. ರೋಗಿ ಕೂಲಿಗೆ ಹೋಗಲಾರದೆ, ನಾಲ್ವರ ನಡುವೆ ಕೂರಲು ನಾಚಿ ಮನೆಯ ಮೂಲೆ ಸೇರುವುದು ಈ ಹಂತದಲ್ಲಿಯೇ.

ಇಲ್ಲಿ ಬೆಳಕು ನೆರವಿಗೆ ಬಂದಿದೆ. 1960ರಲ್ಲಿ ಥಿಯೋಡರ್ ಮೈಮನ್ ಮೊದಲ ಲೇಸರನ್ನು ನಿರ್ಮಿಸಿದನು. ಕೆಲವೇ ವರ್ಷಗಳಲ್ಲಿ ಬುಡಾಪೆಸ್ಟಿನ ವೈದ್ಯ ಎಂಡ್ರೆ ಮೆಸ್ಟರ್ ಇಲಿಗಳ ಬೋಳಿಸಿದ ಬೆನ್ನಿನ ಮೇಲೆ ದುರ್ಬಲ ಲೇಸರ್ ಕಿರಣವನ್ನು ಹಾಯಿಸಿದನು. ಅದು ಕ್ಯಾನ್ಸರನ್ನು ಉಂಟುಮಾಡುವುದೇ ಎಂಬುದು ಅವನ ಪ್ರಶ್ನೆ. ಕ್ಯಾನ್ಸರ್ ಬರಲಿಲ್ಲ, ಕೂದಲು ಮಾತ್ರ ಬೇಗ ಬೆಳೆಯಿತು! ಶಸ್ತ್ರಚಿಕಿತ್ಸೆಯ ಲೇಸರಿನಂತೆ ಇದು ಕೊಯ್ಯುವುದಿಲ್ಲ, ಸುಡುವುದಿಲ್ಲ. ಬಾವಿನ ಚಿಕಿತ್ಸೆಗೆ ಹೆಚ್ಚಾಗಿ 904 ನ್ಯಾನೊಮೀಟರ್ ತರಂಗಾಂತರದ, ಕಣ್ಣಿಗೆ ಕಾಣದ ಅವಕೆಂಪು ಕಿರಣವನ್ನು ಬಳಸುತ್ತಾರೆ. ಅದು ಚರ್ಮದೊಳಕ್ಕೆ ಇಳಿದು ಜೀವಕೋಶಗಳನ್ನು ಚುರುಕುಗೊಳಿಸುತ್ತದೆ.

ಸ್ತನದ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆಯಾದ ಮೇಲೆ ತೋಳು ಬಾತ ಮಹಿಳೆಯರ ಮೇಲೆ ಆಸ್ಟ್ರೇಲಿಯದಲ್ಲಿ ಈ ಚಿಕಿತ್ಸೆಯನ್ನು ಪರೀಕ್ಷಿಸಿದ ವರದಿ 2003ರಲ್ಲಿ ಪ್ರಕಟವಾಯಿತು. ಎರಡು ಸುತ್ತಿನ ಚಿಕಿತ್ಸೆ ಪಡೆದವರಲ್ಲಿ ಮೂರನೆಯ ಒಂದು ಭಾಗದಷ್ಟು ಮಂದಿಗೆ ಬಾವು ಗಮನಾರ್ಹವಾಗಿ ಇಳಿಯಿತು. ಗಡುಸು ಅಂಗಾಂಶವೂ ಮೆದುವಾಯಿತು. ಉಳಿದವರಿಗೆ ಅಷ್ಟು ಲಾಭವಾಗಲಿಲ್ಲವೆಂಬುದನ್ನೂ ಮರೆಯುವಂತಿಲ್ಲ. ಆದುದರಿಂದ ಆನೆಕಾಲಿನಲ್ಲಿ ಲೇಸರ್ ಏನಿದ್ದರೂ ಸಹಾಯಕ ಚಿಕಿತ್ಸೆ.

ಪ್ರಧಾನವಾದುದು ಬಹಳ ಸಾಮಾನ್ಯವಾದ ಕೆಲಸ: ದಿನವೂ ಸಾಬೂನು ಹಚ್ಚಿ ಕಾಲು ತೊಳೆಯುವುದು, ಬೆರಳ ಸಂದುಗಳನ್ನು ತೇವವಿಲ್ಲದಂತೆ ಒರೆಸುವುದು, ಬಿರುಕಿಗೆ ಮುಲಾಮು ಹಚ್ಚುವುದು, ಕಾಲನ್ನು ಎತ್ತರದಲ್ಲಿರಿಸುವುದು. ಕನ್ನಡಿಗರೂ ನೆಲೆಸಿರುವ ಕಾಸರಗೋಡಿನ ಅನ್ವಯಿಕ ಚರ್ಮವಿಜ್ಞಾನ ಸಂಸ್ಥೆಯಲ್ಲಿ ಇದರೊಡನೆ ಆಯುರ್ವೇದದ ಲೇಪ, ಯೋಗದ ಉಸಿರಾಟ, ಬಿಗಿಪಟ್ಟಿಗಳನ್ನು ಸೇರಿಸಿ ಚಿಕಿತ್ಸೆ ನೀಡುತ್ತಾರೆ. ಗಡುಸು ಕರಗುತ್ತಿದೆಯೇ ಎಂದು ತಿಳಿಯಲು ದೊಡ್ಡ ಯಂತ್ರವೇ ಬೇಕೆಂದಿಲ್ಲ. ವೈದ್ಯರು ಹೆಬ್ಬೆರಳಿನಿಂದ ಒತ್ತಿ ನೋಡುತ್ತಾರೆ. ಬಹುಕಾಲದ ಮೇಲೆ ಚರ್ಮ ಮತ್ತೆ ಸ್ವಲ್ಪ ಒಳಸರಿಯತೊಡಗುತ್ತದೆ.