ಕಾರ್ಡು ಬದಲಿಸು, ಕ್ಯಾಮೆರಾ ಇರಲಿ

ಪುಟ್ಟೀ, ಅಮ್ಮನ ನಿಕಾನ್ ಡಿ40 ನಿನ್ನ ಕೈಗೆ ಬಂತೆಂದು ಕೇಳಿ ಸಂತೋಷವಾಯಿತು. ತೆಗೆದ ಫೋಟೊ ಫೋನಿಗೆ ತಾನಾಗಿ ಬರುವುದಿಲ್ಲ, ಇದನ್ನು ಮಾರಿ ವೈಫೈ ಇರುವ ಹೊಸದನ್ನು ಕೊಳ್ಳಲೇ ದೊಡ್ಡಪ್ಪ ಎಂದು ಕೇಳಿದ್ದೀಯ. ಮಾರಬೇಡ. ನಿನಗೆ ಬೇಕಾಗಿ ಆ ಕ್ಯಾಮೆರಾದಲ್ಲಿ ಇಲ್ಲದ್ದು ವೈಫೈ ಒಂದೇ. ಅದನ್ನು ಹೊರಗಿನಿಂದ ಸೇರಿಸಬಹುದು.

ಡಿ40 ಬಂದದ್ದು 2006ರ ಕೊನೆಯಲ್ಲಿ. 6 ಮೆಗಾಪಿಕ್ಸೆಲ್ ಅಂದರೆ ಈಗಿನವರು ಮೂಗು ಮುರಿಯುತ್ತಾರೆ. ಆದರೆ ಅದರ ಚಿತ್ರದ ಅಳತೆ 3008 ಬೈ 2000 ಪಿಕ್ಸೆಲ್, 8 ಬೈ 10 ಇಂಚಿನ ಪ್ರಿಂಟಿಗೆ ಧಾರಾಳವಾಗಿ ಸಾಕು. ವೈರ್‌ಲೆಸ್ ಕೆಲಸಕ್ಕಂತೂ ಈ ಸಣ್ಣತನ ವರವೇ ಸರಿ. ಒಂದು ಜೆಪೆಗ್ ಫೈಲು ಸುಮಾರು 3 ಎಂಬಿ ಇರುತ್ತದೆ, ನಿಧಾನದ ವೈಫೈಯಲ್ಲೂ ಬೇಗ ದಾಟಿ ಬರುತ್ತದೆ. ಕ್ಯಾನನ್ 5ಡಿ ಮಾರ್ಕ್ 2ರ ಒಂದು ರಾ ಫೈಲು ಸುಮಾರು 25 ಎಂಬಿ. ಅದನ್ನು ಅದೇ ದಾರಿಯಲ್ಲಿ ಕಳಿಸಲು ಹೊರಟರೆ ಕಾಯುವುದರಲ್ಲೇ ಹೊತ್ತು ಹೋಗುತ್ತದೆ.

ಸೇರಿಸುವ ಮೊದಲ ದಾರಿ ವೈಫೈ ಇರುವ ಎಸ್‌ಡಿ ಕಾರ್ಡು. ನೋಡಲು ಮಾಮೂಲಿ ಕಾರ್ಡಿನಂತೆಯೇ ಇರುತ್ತದೆ, ಒಳಗೆ ಮೆಮೊರಿಯ ಜೊತೆಗೆ ಒಂದು ಪುಟ್ಟ ರೇಡಿಯೊ. ಕ್ಯಾಮೆರಾಗೆ ಅದು ಬರಿಯ ಕಾರ್ಡು, ಫೋಟೊ ಬರೆದು ಸುಮ್ಮನಾಗುತ್ತದೆ. ಫೋನಿನ ಜೊತೆ ಮಾತಾಡುವ ಕೆಲಸವೆಲ್ಲ ಕಾರ್ಡಿನದು. ಇದನ್ನು ಜನಪ್ರಿಯ ಮಾಡಿದ್ದು ಐ-ಫೈ ಎಂಬ ಅಮೆರಿಕದ ಕಂಪನಿ, 2007ರಲ್ಲಿ, 2 ಜಿಬಿ ಕಾರ್ಡಿನೊಂದಿಗೆ. ಅದರ ಕಥೆಯನ್ನು ನೀನು ತಿಳಿದಿರಲೇಬೇಕು.

ಐ-ಫೈ ಕಾರ್ಡಿಗೆ ನಿನ್ನ ಮನೆಯ ವೈಫೈ ಹೆಸರು, ಪಾಸ್‌ವರ್ಡು ತಿಳಿಸಬೇಕಾದರೆ ಕಂಪನಿಯ ಸಾಫ್ಟ್‌ವೇರ್ ಬೇಕಿತ್ತು. ಆ ಸಾಫ್ಟ್‌ವೇರು ಕಂಪನಿಯ ಸರ್ವರನ್ನು ಕೇಳಿಯೇ ಮುಂದುವರಿಯುತ್ತಿತ್ತು. ಕಂಪನಿ 2016ರ ಸೆಪ್ಟೆಂಬರಿನಲ್ಲಿ ಎಕ್ಸ್2 ಮತ್ತು ಅದಕ್ಕಿಂತ ಹಳೆಯ ಕಾರ್ಡುಗಳಿಗೆ ಬೆಂಬಲ ನಿಲ್ಲಿಸಿತು. ಕಾರ್ಡುಗಳೇನೂ ಕೆಟ್ಟಿರಲಿಲ್ಲ, ರೇಡಿಯೊ ಸರಿಯಾಗಿತ್ತು, ಮೆಮೊರಿ ಸರಿಯಾಗಿತ್ತು. ಆದರೂ ಮನೆ ಬದಲಿಸಿದವನಿಗೆ, ಹೊಸ ಕಂಪ್ಯೂಟರ್ ಕೊಂಡವನಿಗೆ ತನ್ನದೇ ಕಾರ್ಡಿನ ಮೇಲೆ ಅಧಿಕಾರ ಇಲ್ಲವಾಯಿತು. ದುಡ್ಡು ಕೊಟ್ಟು ಕೊಂಡವರಿಗೆ ಹೀಗೆ ಮಾಡಿದ್ದು ಅನ್ಯಾಯವೆಂದೇ ನನ್ನ ಅಭಿಪ್ರಾಯ. ಹಾಗಾಗಿ ಇಂಥ ಯಾವ ವಸ್ತು ಕೊಳ್ಳುವಾಗಲೂ ಅಂಗಡಿಯವನನ್ನು ಒಂದು ಪ್ರಶ್ನೆ ಕೇಳು: ಇಂಟರ್‌ನೆಟ್ ಇಲ್ಲದ ಜಾಗದಲ್ಲಿ, ಯಾವ ಅಕೌಂಟೂ ತೆರೆಯದೆ ಇದು ಕೆಲಸ ಮಾಡುತ್ತದೆಯೇ? ಉತ್ತರಕ್ಕೆ ತಡವರಿಸಿದರೆ ಕೊಳ್ಳಬೇಡ.

ಆ ಪ್ರಶ್ನೆಗೆ ಹೌದು ಎನ್ನುವ ಕಾರ್ಡು ತೋಶಿಬಾದ ಫ್ಲ್ಯಾಶ್‌ಏರ್. 2012ರಲ್ಲಿ ಮಾರುಕಟ್ಟೆಗೆ ಬಂತು. ಕಾರ್ಡು ತಾನೇ ಒಂದು ವೈಫೈ ಹುಟ್ಟಿಸುತ್ತದೆ. ನಿನ್ನ ಫೋನನ್ನು ಅದಕ್ಕೆ ಸೇರಿಸಿ, ಬ್ರೌಸರಿನಲ್ಲಿ 192.168.0.1 ಎಂದು ಒತ್ತಿದರೆ ಫೋಟೊಗಳ ಪಟ್ಟಿ ತೆರೆದುಕೊಳ್ಳುತ್ತದೆ. ನಡುವೆ ಯಾರ ಸರ್ವರೂ ಇಲ್ಲ. ತೀರ್ಥಹಳ್ಳಿ, ಹೊಸನಗರದ ಕಡೆ ಒಳಗಿನ ಊರುಗಳಲ್ಲಿ ಮದುವೆಯ ಫೋಟೊ ತೆಗೆಯಲು ಹೋದಾಗ ಫೋನಿನಲ್ಲಿ ನೆಟ್‌ವರ್ಕ್ ಒಂದು ಗೀಟೂ ಇರುವುದಿಲ್ಲವಲ್ಲ, ಅಲ್ಲಿಯೂ ಇದು ನಡೆಯುತ್ತದೆ. ಡಿ40 ಎಸ್‌ಡಿಎಚ್‌ಸಿ ಕಾರ್ಡು ಓದುವುದರಿಂದ 8 ಅಥವಾ 16 ಜಿಬಿಯ ಫ್ಲ್ಯಾಶ್‌ಏರ್ ಅದಕ್ಕೆ ಹೊಂದುತ್ತದೆ. ಅದಕ್ಕೂ ಹಿಂದಿನ ಡಿ50ರಂಥವು 2 ಜಿಬಿಗಿಂತ ದೊಡ್ಡ ಕಾರ್ಡನ್ನು ಗುರುತಿಸುವುದೇ ಇಲ್ಲ, ನಿನ್ನ ಗೆಳತಿಯರಿಗೆ ಸಲಹೆ ಕೊಡುವಾಗ ಇದು ನೆನಪಿರಲಿ.

ಫ್ಲ್ಯಾಶ್‌ಏರ್ ಈಗ ತಯಾರಾಗುತ್ತಿಲ್ಲ, ಹಳೆಯದನ್ನೇ ಹುಡುಕಬೇಕು. ಕೊಂಡ ತಕ್ಷಣ ಕಂಪ್ಯೂಟರಿಗೆ ಹಾಕಿ, ಅಡಗಿಸಿಟ್ಟ ಫೋಲ್ಡರುಗಳನ್ನು ತೋರಿಸುವಂತೆ ಮಾಡಿ, ಎಸ್‌ಡಿ_ಡಬ್ಲ್ಯುಲ್ಯಾನ್ ಎಂಬ ಫೋಲ್ಡರ್ ಹುಡುಕು. ಅದರಲ್ಲಿ ಕಾನ್ಫಿಗ್ ಎಂಬ ಫೈಲಿರುತ್ತದೆ. ವೈಫೈಯ ಹೆಸರು, ಪಾಸ್‌ವರ್ಡು, ಎಷ್ಟು ಹೊತ್ತಿಗೆ ತಾನಾಗಿ ಆಫ್ ಆಗಬೇಕು ಎಂಬುದೆಲ್ಲ ಅದರಲ್ಲೇ ಇರುತ್ತದೆ, ನೋಟ್‌ಪ್ಯಾಡಿನಲ್ಲೇ ತಿದ್ದಬಹುದು. ತನ್ನ ಕೀಲಿಯನ್ನು ಕೊಂಡವರ ಕೈಗೇ ಕೊಡುವ ಇಂಥ ವಸ್ತುಗಳ ಮೇಲೆ ನನಗೆ ಗೌರವವಿದೆ. ಆ ಫೋಲ್ಡರಿನ ಒಂದು ಪ್ರತಿಯನ್ನು ಬೇರೆಡೆ ಇಟ್ಟುಕೋ. ಕಂಪ್ಯೂಟರಿನಲ್ಲಿ ಕಾರ್ಡು ಫಾರ್ಮ್ಯಾಟ್ ಮಾಡಿದರೆ ಅದೂ ಅಳಿಸಿಹೋಗುತ್ತದೆ.

ಪಾಸ್‌ವರ್ಡಿನ ಮಾತನ್ನು ಬಿಡಿಸಿ ಹೇಳಬೇಕು. ಈ ಕಾರ್ಡಿಗೆ ಕಾರ್ಖಾನೆಯಲ್ಲಿ ಹಾಕಿದ ಪಾಸ್‌ವರ್ಡು 12345678. ಅದನ್ನು ಬದಲಿಸದೆ ಕಲ್ಯಾಣಮಂಟಪಕ್ಕೆ ಕಾಲಿಡಬೇಡ. ಹತ್ತಿರ ಕೂತ ಯಾವನಾದರೂ ಫೋನಿನಲ್ಲಿ ನಿನ್ನ ಕಾರ್ಡಿಗೆ ಸೇರಿಕೊಂಡು ಮದುಮಗಳ ಕೋಣೆಯಲ್ಲಿ ಅಲಂಕಾರದ ಹೊತ್ತಿಗೆ ತೆಗೆದ ಚಿತ್ರಗಳನ್ನೆಲ್ಲ ನೋಡಬಹುದು, ಇಳಿಸಿಕೊಳ್ಳಲೂಬಹುದು. ಆ ಹೆಣ್ಣುಮಗಳು ನಿನ್ನನ್ನು ನಂಬಿ ಒಳಗೆ ಬಿಟ್ಟುಕೊಂಡಿರುತ್ತಾಳೆ. ಫೋಟೊ ತೆಗೆಯುವವರ ವೃತ್ತಿ ನಿಂತಿರುವುದೇ ಆ ನಂಬಿಕೆಯ ಮೇಲೆ. ಕಾರ್ಡಿನ ವೈಫೈ ಹೆಸರಲ್ಲೂ ನಿನ್ನ ಹೆಸರು, ಊರು ಬೇಡ.

ಇನ್ನು ಬಳಸುವಾಗ ಕಾಡುವ ಎರಡು ತೊಂದರೆ ಹೇಳಿಬಿಡುತ್ತೇನೆ. ಕ್ಯಾಮೆರಾ ನಿದ್ದೆಗೆ ಜಾರಿದರೆ ಕಾರ್ಡಿಗೂ ಕರೆಂಟು ನಿಲ್ಲುತ್ತದೆ, ಅರ್ಧ ಬಂದ ಫೋಟೊ ಅಲ್ಲಿಗೇ ನಿಂತುಬಿಡುತ್ತದೆ. ಮೆನುವಿನಲ್ಲಿ ಆಟೊ ಆಫ್ ಟೈಮರ್ಸ್ ಎಂಬಲ್ಲಿಗೆ ಹೋಗಿ ಲಾಂಗ್ ಆಯ್ದುಕೋ. ಎರಡನೆಯದು ಫೋನಿನ ಜಾಣತನ. ಕಾರ್ಡಿನ ವೈಫೈಯಲ್ಲಿ ಇಂಟರ್‌ನೆಟ್ ಇಲ್ಲವೆಂದು ಕಂಡ ಕೂಡಲೇ ಅದು ಮೊಬೈಲ್ ಡೇಟಾಗೆ ಹಾರುತ್ತದೆ, ಬ್ರೌಸರಿನಲ್ಲಿ ಏನೂ ತೆರೆಯುವುದಿಲ್ಲ. ಡೇಟಾ ಆಫ್ ಮಾಡಿ ಸೇರಿಸು.

ಅಂಗಡಿಯಲ್ಲಿ ಯಾರಾದರೂ ನಿಕಾನಿನದೇ ಡಬ್ಲ್ಯುಯು-1ಎ ಅಡಾಪ್ಟರ್ ತೋರಿಸಿಯಾರು. ಅದು 2012ರ ಡಿ3200 ಮತ್ತು ನಂತರದ ಕೆಲವು ಮಾಡೆಲುಗಳಿಗೆ ಮಾಡಿದ್ದು, ನಿನ್ನದಕ್ಕೆ ಬರುವುದಿಲ್ಲ. ನಿನ್ನ ಗೆಳೆಯರ ಬಳಿ ಡಿ700 ತರಹದ ಕಾಂಪ್ಯಾಕ್ಟ್‌ಫ್ಲ್ಯಾಶ್ ಕ್ಯಾಮೆರಾ ಇದ್ದರೆ, ಎಸ್‌ಡಿಯಿಂದ ಸಿಎಫ್‌ಗೆ ಬದಲಿಸುವ ಅಡಾಪ್ಟರ್ ಹಾಕುವ ಮೊದಲು ಅದರ ದಪ್ಪ ನೋಡಲು ಹೇಳು. ಅಂಥ ಅಡಾಪ್ಟರುಗಳಲ್ಲಿ ಹಲವು 5 ಮಿಲಿಮೀಟರ್ ದಪ್ಪದ ಟೈಪ್ 2. ಡಿ700ಕ್ಕೆ ಹಿಡಿಸುವುದು 3.3 ಮಿಲಿಮೀಟರಿನ ಟೈಪ್ 1 ಮಾತ್ರ. ಬಲವಂತವಾಗಿ ತುರುಕಿದರೆ ಒಳಗಿನ ಪಿನ್ನುಗಳು ಬಾಗುತ್ತವೆ, ಆಮೇಲೆ ರಿಪೇರಿಗೆ ದೊಡ್ಡ ಖರ್ಚು.

ನಿನಗೆ ಕಂಪ್ಯೂಟರಿನಲ್ಲಿ ಕೈಯಾಡಿಸುವ ಹುಚ್ಚಿದೆಯೆಂದು ಗೊತ್ತು. ಹಾಗಾಗಿ ಇನ್ನೊಂದು ದಾರಿ ನಿನಗೆ ಹಿಡಿಸೀತು. 2017ರಲ್ಲಿ ಬಂದ ರಾಸ್ಪ್‌ಬೆರಿ ಪೈ ಝೀರೊ ಡಬ್ಲ್ಯು ಎಂಬ ಅಂಗೈಗಿಂತ ಚಿಕ್ಕ ಕಂಪ್ಯೂಟರ್ ಬೋರ್ಡು, ಅದರಲ್ಲೇ ವೈಫೈ ಇದೆ. ಕ್ಯಾಮೆರಾವನ್ನು ಯುಎಸ್‌ಬಿ ಕೇಬಲ್ಲಿನಲ್ಲಿ ಅದಕ್ಕೆ ಜೋಡಿಸಿ, ಜಿಫೋಟೊ2 ಎಂಬ ಉಚಿತ ಸಾಫ್ಟ್‌ವೇರ್ ಹಾಕಿದರೆ, ಹೊಸ ಫೋಟೊಗಳನ್ನಷ್ಟೇ ಆರಿಸಿ ಎಳೆದುಕೊಳ್ಳುವಂತೆ ಹೇಳಬಹುದು. ಆ ಸಾಫ್ಟ್‌ವೇರಿಗೆ ಸಾವಿರಾರು ಕ್ಯಾಮೆರಾಗಳ ಗುರುತಿದೆ, ಡಿ40 ಅವುಗಳಲ್ಲಿ ಒಂದು. ಕ್ಯಾಮೆರಾದ ಸೆಟಪ್ ಮೆನುವಿನಲ್ಲಿ ಯುಎಸ್‌ಬಿಯನ್ನು ಪಿಟಿಪಿಗೆ ಇಟ್ಟಿರಬೇಕು. ಮನೆಯಲ್ಲಿ ಟೇಬಲ್ಲಿನ ಮೇಲೆ ವಸ್ತುಗಳ ಫೋಟೊ ತೆಗೆಯುವಾಗ ಇದು ಬಹಳ ಚೆಂದ. ಪವರ್‌ಬ್ಯಾಂಕು, ಕೇಬಲ್ಲು ಕಟ್ಟಿಕೊಂಡು ಮಂಡಗದ್ದೆಯ ಬೆಳ್ಳಕ್ಕಿಗಳ ಹಿಂದೆ ಹೊರಡಲು ಇದು ಆಗದು.

ಎಲ್ಲ ಹೇಳಿದ ಮೇಲೆ ನನ್ನ ಮನಸ್ಸಿನ ಮಾತು ಕೇಳು. ವೈರಿಲ್ಲದ ದಾರಿಯ ಮೋಹದಲ್ಲಿ ವೈರನ್ನು ಮರೆಯಬೇಡ. ಡಿ40ರ ಮಿನಿ ಯುಎಸ್‌ಬಿ ಕೇಬಲ್ಲು, ಫೋನಿಗೆ ಒಂದು ಪುಟ್ಟ ಒಟಿಜಿ ಅಡಾಪ್ಟರ್, ಇಷ್ಟಿದ್ದರೆ ಕಾರ್ಡಿನ ಫೋಟೊ ಫೋನಿಗೆ ಬರುತ್ತದೆ. ಕಾರ್ಡ್ ರೀಡರ್ ಆದರೆ ಇನ್ನೂ ಬೇಗ, ಕ್ಯಾಮೆರಾದ ಬ್ಯಾಟರಿಯೂ ಉಳಿಯುತ್ತದೆ. ಕೆಲವು ಫೋನುಗಳಲ್ಲಿ ಒಟಿಜಿಯನ್ನು ಸೆಟ್ಟಿಂಗ್ಸಿನಲ್ಲಿ ಆನ್ ಮಾಡಬೇಕಾಗುತ್ತದೆ, ಅಷ್ಟೆ. ಹಳ್ಳಿಯ ಮದುವೆಯಲ್ಲಿ ಮಗ್ಗುಲಲ್ಲೇ ನಿಂತು ಈಗಲೇ ಬೇಕು ಎನ್ನುವ ನೆಂಟರಿಗೆ ವೈಫೈ ಕಾರ್ಡು ಒಳ್ಳೆಯದು. ಸಂಜೆ ಮನೆಗೆ ಬಂದು ಆರಿಸಿ ಕಳಿಸುವುದಾದರೆ ಕೇಬಲ್ಲಿಗಿಂತ ನಂಬಿಕಸ್ಥ ಯಾವುದೂ ಇಲ್ಲ.

ಮಾಂಗಲ್ಯಧಾರಣೆಯ ಹೊತ್ತಿಗೆ ಫೋನು ಬ್ಯಾಗಿನಲ್ಲಿರಲಿ. ಹಿಂದಿನ ಫೋಟೊ ಬಂತೋ ಇಲ್ಲವೋ ಎಂದು ಕೆಳಗೆ ನೋಡುತ್ತಾ ನಿಂತರೆ ಮುಂದಿನದು ತಪ್ಪಿಹೋಗುತ್ತದೆ, ಗಟ್ಟಿಮೇಳ ನಿನಗಾಗಿ ಇನ್ನೊಮ್ಮೆ ಬಾರಿಸುವುದಿಲ್ಲ. ಫೋನಿಗೆ ಬಂದದ್ದನ್ನು ಜೋಪಾನ ಮಾಡಿದ್ದಾಯಿತು ಎಂದುಕೊಳ್ಳಬೇಡ. ಎರಡು ಬೇರೆ ಬೇರೆ ಡಿಸ್ಕಿಗೆ ಪ್ರತಿ ಹೋಗುವ ತನಕ ಕಾರ್ಡಿನಿಂದ ಅಳಿಸಬೇಡ. ವಾಟ್ಸಾಪಿನಲ್ಲಿ ಕಳಿಸುವಾಗ ಡಾಕ್ಯುಮೆಂಟ್ ಎಂದು ಕಳಿಸು, ಫೋಟೊ ಎಂದು ಕಳಿಸಿದರೆ ಅದು ಹಿಂಡಿ ಸಣ್ಣದು ಮಾಡುತ್ತದೆ. ಕ್ಯಾಮೆರಾದ ತಾರೀಖು, ಗಡಿಯಾರ ಸರಿಯಿದೆಯೇ ಇವತ್ತೇ ನೋಡು. ಇಷ್ಟು ವರ್ಷ ಬೀರುವಿನಲ್ಲಿದ್ದ ಕ್ಯಾಮೆರಾ ಅದನ್ನು ಮರೆತಿರುತ್ತದೆ, ಫೋನಿನ ಗ್ಯಾಲರಿಯಲ್ಲಿ ನಿನ್ನ ಫೋಟೊಗಳು ಎಲ್ಲೋ ಹಳೆಯ ವರ್ಷದಡಿ ಹೋಗಿ ಕೂರುತ್ತವೆ.

ಬ್ಯಾಟರಿ ಒಂದು ಹೆಚ್ಚಿಗೆ ಇಟ್ಟುಕೋ. ವೈಫೈ ಕಾರ್ಡು ಕರೆಂಟು ಕುಡಿಯುವುದು ಕ್ಯಾಮೆರಾದ ಬ್ಯಾಟರಿಯಿಂದಲೇ. ಇಎನ್-ಇಎಲ್9 ಸಿಗದಿದ್ದರೆ ಇಎನ್-ಇಎಲ್9ಎ ಕೇಳು, ಅದೂ ಡಿ40ಕ್ಕೆ ಕೂರುತ್ತದೆ. ಅಮ್ಮನ ಎಂಎಚ್-23 ಚಾರ್ಜರಿನಲ್ಲೇ ಎರಡನ್ನೂ ಚಾರ್ಜ್ ಮಾಡಬಹುದು.